ರೆಪ್ಪೆ ನುಂಗಿದ ರೆಕ್ಕೆ

ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಕನ್ನಡಿ ನೋಡಿದಾಗ ಐಲೈನರಿನ ರೆಕ್ಕೆ ಚೆನ್ನಾಗಿಯೇ ಇತ್ತು. ಇನ್ನೇನು ಹಾರಿಬಿಡುತ್ತದೆ ಅನ್ನುವ ಹಾಗೆ ಕಣ್ಣಿನ ತುದಿಯಿಂದ ಹುಬ್ಬಿನ ಕಡೆಗೆ ಏರಿತ್ತು. ಕಣ್ಣು ಬಿಟ್ಟರೆ ರೆಕ್ಕೆಯೇ ನಾಪತ್ತೆ! ಮೇಲಿನ ಚರ್ಮ ಪರದೆಯ ಹಾಗೆ ಜಾರಿ ಬಂದು ಅಷ್ಟನ್ನೂ ನುಂಗಿ, ನುಂಗಿದ್ದಕ್ಕೆ ಸಾಕ್ಷಿಯಾಗಿ ರೆಪ್ಪೆಯ ಮೇಲೊಂದು ಕರಿ ಮುದ್ರೆ ಒತ್ತಿತ್ತು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ನಲವತ್ತರ ಹೊಸ್ತಿಲಲ್ಲಿದ್ದಳು. ಅವಳ ಮದುವೆಯ ಮಾತು ಮನೆಯಲ್ಲಿ ಯಾವಾಗಲೋ ನಿಂತುಹೋಗಿತ್ತು. ಅಣ್ಣ ಅತ್ತಿಗೆಯ ಮನೆಯ ಹಿಂದಿನ ಕೋಣೆ ಅವಳದ್ದು. ಹುಟ್ಟಿನಿಂದ ಬಂದದ್ದು ಮುಸುಕುಗಣ್ಣು, ಮೇಲಿನ ಚರ್ಮ ರೆಪ್ಪೆಯ ಮೇಲೆ ಇಳಿಬಿದ್ದದ್ದು. "ಯಾಕೆ, ರಾತ್ರಿ ನಿದ್ದೆ ಆಗಲಿಲ್ವಾ?" ಎಂದು ಕೇಳದವರೇ ಇಲ್ಲ. ದಿನವಿಡೀ ಊರವರ ಕಣ್ಣು ನೋಡುವುದೇ ಅವಳ ಕಸುಬು. ಅವಳ ಕಣ್ಣನ್ನು ನಿಂತು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಒಬ್ಬರು ನೋಡಲಿ ಎಂಬ ಆಸೆಯಿತ್ತು. ಪಕ್ಕದ ಬೀದಿಯ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವರು ಅವರು. ಅವರ ಕನ್ನಡಕದ ತಿರುಪು ಆಗಾಗ ಸಡಿಲವಾಗುತ್ತಿತ್ತು. ಬಂದು, ಅದನ್ನು ಅವಳ ಕೈಗಿಟ್ಟು, ಸ್ಟೂಲಿನ ಮೇಲೆ ಕೂತು, ಅವತ್ತು ಸಿಕ್ಕ ತಪ್ಪೊಂದನ್ನು ಹೇಳಿ ನಗಿಸುತ್ತಿದ್ದರು. "'ವರ' ಅಂತ ಇರಬೇಕಾದಲ್ಲಿ 'ಮರ' ಅಂತ ಜೋಡಿಸಿದ್ದಾರೆ ಮೇಡಂ. ಪಾಪ, ಹುಡುಗಿ ಮರವನ್ನೇ ಕಟ್ಕೊಂಡುಬಿಡ್ತಿದ್ದಳು, ನಾನು ತಪ್ಪಿಸಿದೆ." ಅವಳು ನಗುತ್ತ ತಿರುಪನ್ನು ಬಿಗಿ ಮಾಡಿ ಕೊಡುತ್ತಿದ್ದಳು, ಪ್ರತಿಸಲವೂ ಒಂದು ಸುತ್ತು ಕಡಿಮೆ. ಪೂರ್ತಿ ಬಿಗಿದುಬಿಟ್ಟರೆ ಅವರು ಮತ್ತೆ ಬರುವುದಾದರೂ ಯಾಕೆ?

ಅಂಥ ಮನುಷ್ಯ ಈಗ ತಿರುಪೇ ಇಲ್ಲದ ಹೊಸ ಫ್ರೇಮು ಆರಿಸಿದ್ದರು. ಗಾಜೂ ಹೊಸದು. ಇವತ್ತು ಬಂದು ಒಯ್ದರೆ ಮತ್ತೆ ಇತ್ತ ಸುಳಿಯಲು ಅವರಿಗೆ ಕಾರಣವೇ ಇರಲಿಲ್ಲ. ಆದರೆ ಆ ಗಾಜಿನಲ್ಲಿ ಅವರು ಮೊಟ್ಟಮೊದಲು ಕಾಣುವುದು ಎದುರು ಕೂತ ಅವಳ ಮುಖವನ್ನೇ. ಅದಕ್ಕೇ ಈ ಸಾಹಸ.

"ಒಳಗೇನಮ್ಮ, ಗೋಡೆಗೆ ಸುಣ್ಣ ಹೊಡೀತಿದ್ದೀಯಾ?" ಅತ್ತಿಗೆ ಬಚ್ಚಲ ಬಾಗಿಲು ಬಡಿದಳು. ಬೆಚ್ಚಿದ ಕೈ ಎಡಗಣ್ಣಿನ ಗೆರೆಯನ್ನು ಕಿವಿಯವರೆಗೆ ಎಳೆಯಿತು. ಅದಕ್ಕೆ ಸರಿದೂಗಲೆಂದು ಬಲಗಣ್ಣಿನದನ್ನು ದಪ್ಪ ಮಾಡಿದಳು. ಅದಕ್ಕೆ ಸರಿದೂಗಲೆಂದು ಮತ್ತೆ ಎಡಗಣ್ಣಿನದನ್ನು. ಹೊರಗೆ ಬಂದವಳನ್ನು ನೋಡಿ ಅಣ್ಣ ಪೇಪರು ಕೆಳಗಿಟ್ಟ. "ಯಾರು ಹೊಡೆದದ್ದು? ಹೆಸರು ಹೇಳು, ಸಾಕು."

ಮೆಟ್ಟಿಲಿಳಿಯುವಾಗ ಕೆಳಮನೆಯ ನರ್ಸಮ್ಮ ಹಿಡಿದರು. ನಿವೃತ್ತಿಯಾದ ಮೇಲೆ ರೋಗಿಗಳು ಸಿಗದೆ ಸೊರಗಿದ್ದ ಜೀವ. "ರಕ್ತ ಇಲ್ಲ ಕಣೇ ನಿನಗೆ. ಕಣ್ಣ ಸುತ್ತ ಇದ್ದಿಲು ಮೆತ್ತಿದ ಹಾಗಿದೆ!" ಎಂದವರೇ, ಬೇಡ ಬೇಡ ಅನ್ನುವುದರೊಳಗೆ ಅವಳ ತಲೆ ಹಿಂದಕ್ಕೆ ಬಾಗಿಸಿ ಎರಡೂ ಕಣ್ಣಿಗೆ ಔಷಧ ಬಿಟ್ಟೇಬಿಟ್ಟರು. ರೆಕ್ಕೆಗಳು ಕರಗಿ ಕೆನ್ನೆಯ ಮೇಲೆ ಹೊಳೆಯಾದವು.

ಬಸ್ಸಿನಲ್ಲಿ ಮುದುಕರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. "ಕೂತ್ಕೊಳಮ್ಮ. ಹೋದವರು ನಿಮಗೆ ಏನಾಗಬೇಕು?"

"ಯಾರೂ ಹೋಗಿಲ್ಲ ತಾತ. ಇನ್ನೂ ಬರಬೇಕು," ಎಂದಳು ಬಾಯಿತಪ್ಪಿ. ತಾತ ಇನ್ನಷ್ಟು ಮರುಗಿದರು.

ಅಂಗಡಿಯಲ್ಲಿ ಯಜಮಾನರು ಅವಳನ್ನು ಕಂಡು ಹಾವು ತುಳಿದವರಂತೆ ಹಿಂದೆ ಹಾರಿದರು. "ಅಯ್ಯೋ, ಕಣ್ಣು ಬಂದಿದೆ! ಕನ್ನಡಕದಂಗಡೀಲಿ ಕಣ್ಣುಬೇನೆ ಅಂದ್ರೆ ಗಿರಾಕಿ ಉಳೀತಾರಾ?" ಕಣ್ಣು ಪರೀಕ್ಷಿಸುವ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ರೋಗ ಅಲ್ಲ ಸಾರ್, ಮಸಿ," ಎಂದು ತೀರ್ಪು ಕೊಟ್ಟರೂ ಯಜಮಾನರು ನಂಬಲಿಲ್ಲ. ಮಾರಾಟಕ್ಕಿಟ್ಟ ಕಪ್ಪು ಕನ್ನಡಕವೊಂದನ್ನು ಬೆಲೆಚೀಟಿಯ ಸಮೇತ ಅವಳಿಗೆ ತೊಡಿಸಿದರು. ಟೀ ತರಲು ಬಾಗಿಲ ಹೊರಗೆ ನಿಂತವಳನ್ನು ದಾರಿಹೋಕರೊಬ್ಬರು ಕೈಹಿಡಿದು ರಸ್ತೆ ದಾಟಿಸಿಯೇಬಿಟ್ಟರು. ಟೀ ಅಂಗಡಿ ಇದ್ದದ್ದು ಈ ಕಡೆಗೇ. ವಾಪಸು ದಾಟಿಸಲು ಇನ್ನೊಬ್ಬ ಪುಣ್ಯಾತ್ಮ ಬರಬೇಕಾಯಿತು.

ಮಧ್ಯಾಹ್ನ ಒಬ್ಬ ಗಿರಾಕಿಯ ಹೊಸ ಫ್ರೇಮಿಗೆ ಅಳತೆ ತೆಗೆಯುತ್ತಿದ್ದಳು. ಪಾಪೆಯ ನೇರಕ್ಕೆ ಗಾಜಿನ ಮೇಲೆ ಚುಕ್ಕೆ ಇಡಬೇಕು. "ಕಣ್ಣು ಮುಚ್ಚಬೇಡಿ ಸಾರ್. ಮುಚ್ಚಿದ ಕಣ್ಣಿಗೆ ಗುರುತು ಹಾಕಿದ್ರೆ ತೆರೆದಾಗ ತಪ್ಪುತ್ತೆ," ಎಂದವಳು ತನ್ನ ಮಾತಿಗೆ ತಾನೇ ತಡೆದು ನಿಂತಳು. ದಿನಕ್ಕೆ ಹತ್ತು ಸಲ ಹೇಳುವ ಮಾತು! ತನಗೆ ಮಾತ್ರ ಹೇಳಿಕೊಂಡಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಗೆ ಓಡಿ, ಕಪ್ಪು ಕನ್ನಡಕ ಕಳಚಿಟ್ಟು ಮುಖ ತೊಳೆದಳು. ಚರ್ಮ ಎಳೆಯದೆ, ಹುಬ್ಬು ಏರಿಸದೆ, ಕಣ್ಣು ತೆರೆದು ಕನ್ನಡಿಯನ್ನು ನೇರ ನೋಡಿದಳು. ಹಾಗೆ ನೋಡುತ್ತಲೇ ರೆಕ್ಕೆಯ ತುದಿಗೆ ಚುಕ್ಕೆ ಇಟ್ಟಳು. ಚರ್ಮದ ಮಡಿಕೆಯ ಮೇಲೆ ಹಾಯಿಸಿ ಗೆರೆ ಕೂಡಿಸಿದಳು. ಕಣ್ಣು ಮುಚ್ಚಿದರೆ ಅದು ಮುರಿದ ಕಡ್ಡಿಯ ಹಾಗೆ ಸೊಟ್ಟ. ತೆರೆದರೆ ಎರಡು ನೀಳ ರೆಕ್ಕೆಗಳು. ಅವಳು ಬಹಳ ಹೊತ್ತು ಅಲ್ಲೇ ನಿಂತಳು. ಎಷ್ಟೋ ವರ್ಷ ಜೊತೆಗಿದ್ದು ಮಾತಾಡದೇ ಹೋದವರನ್ನು ನೋಡುವ ಹಾಗೆ ತನ್ನ ಕಣ್ಣುಗಳನ್ನೇ ನೋಡಿಕೊಂಡಳು.

ಸಂಜೆ ಅವರು ಬಂದರು. "ತಡವಾಯ್ತು ಮೇಡಂ."

ಅವಳು ಎರಡೂ ಕೈಯಿಂದ ಕನ್ನಡಕವನ್ನು ಅವರ ಕಿವಿಗಳ ಮೇಲೆ ಕೂರಿಸಿದಳು. ಬೆರಳಿಗೆ ಅವರ ನರೆಗೂದಲು ತಾಗಿತು. "ಈಗ ನೋಡಿ."

ಅವರು ನೋಡಿದರು. ಪ್ರೂಫ್ ನೋಡುವ ಹಾಗೆ, ಎಡದಿಂದ ಬಲಕ್ಕೆ, ಎಲ್ಲೂ ಹಾರಿಸದೆ. ಅವಳು ರೆಪ್ಪೆ ಬಡಿಯದೆ ಕೂತಳು.

"ಮೇಡಂ, ತಪ್ಪು ತಿಳ್ಕೋಬಾರದು. ಒಂದು ಮಾತು ಕೇಳಲಾ?"

"ಕೇಳಿ."

"ನಿಮ್ಮ ಕಣ್ಣಿನ ಈ ಗೆರೆ ಎಷ್ಟು ಚೆನ್ನಾಗಿದೆ! ಕೂದಲೆಳೆಯಷ್ಟೂ ತಪ್ಪಿಲ್ಲ. ಹೇಗೆ ಬರೀತೀರಿ ಅಂತ ಹೇಳಿಕೊಡ್ತೀರಾ?"

"ನಿಮಗಾ?"

"ಛೆ, ನನಗ್ಯಾಕೆ!" ಅವರು ನಕ್ಕು ಬಾಗಿಲ ಕಡೆ ತಿರುಗಿದರು. "ಬಾರೇ ಒಳಗೆ, ನಮ್ಮ ಮೇಡಮ್ಮೇ. ಸಂಕೋಚ ಬೇಡ."

ಒಬ್ಬಾಕೆ ಬಂದು ನಿಂತಳು. ತನ್ನದೇ ವಯಸ್ಸು ಇರಬಹುದು, ಎರಡು ವರ್ಷ ಕಡಿಮೆಯೂ ಇರಬಹುದು. ಅಚ್ಚು ಹೊಯ್ದ ಹಾಗೆ ತನ್ನದೇ ಮುಸುಕುಗಣ್ಣು. ಅತ್ತು ಅತ್ತು ಊದಿಕೊಂಡಿತ್ತು.

"ನಾಳೆ ನಮ್ಮ ಮದುವೆ ಮೇಡಂ. ಗೆರೆ ನಿಲ್ಲಲ್ಲ ಅಂತ ಬೆಳಗಿನಿಂದ ಕನ್ನಡಿ ಮುಂದೆ ಒಂದೇ ಗೋಳು. ನಾನು ಮರುಳಾದದ್ದೇ ಈ ಕಣ್ಣಿಗೆ ಕಣೇ ಅಂದ್ರೆ ನಂಬೋದೇ ಇಲ್ಲ. ಇವಳ ಮುಖ ಸರಿಯಾಗಿ ಕಾಣಲಿ ಅಂತಾನೇ ಈ ಹೊಸ ಕನ್ನಡಕ."

ಅಂಗಡಿ ಮುಚ್ಚುವ ಹೊತ್ತಾಯಿತು ಅನ್ನಬಹುದಿತ್ತು. ಅವಳು ಸ್ಟೂಲು ಎಳೆದು ಆಕೆಯನ್ನು ಕೂರಿಸಿದಳು. ಚೀಲದಿಂದ ಐಲೈನರ್ ತೆಗೆದು, ಗಲ್ಲ ಹಿಡಿದೆತ್ತಿ, ಕಣ್ಣು ತೆರೆದಿಟ್ಟುಕೊಳ್ಳಲು ಹೇಳಿ, ಒಂದು ಚುಕ್ಕೆ ಇಟ್ಟು ಗೆರೆ ಎಳೆದಳು.

ಒಂದು ಕಣ್ಣು ಮುಗಿಯುತ್ತಲೇ ಆಕೆ ಕನ್ನಡಿ ನೋಡಿಕೊಂಡು ಅರಳಿದಳು. "ಅಬ್ಬ, ನಿಂತಿತು! ಎಂಥ ಕೈ ಅಕ್ಕಾ ನಿಮ್ಮದು. ಇಷ್ಟು ಕಷ್ಟಪಟ್ಟು ಯಾರಿಗೋಸ್ಕರ ಕಲಿತಿರಿ?"

"ಗಿರಾಕಿಗೋಸ್ಕರ ಕಣಮ್ಮ," ಎಂದು ಅವಳು ಇನ್ನೊಂದು ಕಣ್ಣಿಗೆ ಕೈಹಾಕಿದಳು.