ಏಳು ನಿಮಿಷದ ವಿಷಯವಾಗಿ ಡಿಬಗ್ಗರ್ ಮಹಾಶಯರಿಗೆ

ಮಾನ್ಯರೇ,

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ತಮ್ಮ ಕಪ್ಪು ಶರೀರಕ್ಕೂ, ಅದರ ಹಣೆಯಲ್ಲಿ ಬೆಳಗುವ ಕೆಂಪು ಹಸಿರು ದೀಪಗಳಿಗೂ, ಬೆನ್ನಿಗೆ ಅಂಟಿಸಿಕೊಂಡಿರುವ, ಯಾವ ಕನ್ನಡಕಕ್ಕೂ ದಕ್ಕದ ಅಕ್ಷರಗಳ ಚೀಟಿಗೂ ಬಟ್ಟೆ ಹೊಲಿಯುವವಳೊಬ್ಬಳ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಹೇಗಿದ್ದೇನೆಂದು ತಾವು ಕೇಳಿಲ್ಲ. ಹತ್ತೊಂಬತ್ತು ದಿನ ಒಂದೇ ಮೇಜಿಗೆ ಎದುರುಬದುರು ಕೂತಿದ್ದರೂ ಕೇಳಲಿಲ್ಲ. ದೊಡ್ಡವರ ಲಕ್ಷಣವೇ ಅದು ಎಂದು ಸಮಾಧಾನ ಮಾಡಿಕೊಂಡು ನನ್ನ ಅಹವಾಲನ್ನು ನಾಲ್ಕು ಜನರೆದುರು ಇಡುತ್ತಿದ್ದೇನೆ. ಏಕೆಂದರೆ ಒಬ್ಬಳೇ ಕೂತು ಕೇಳಿಕೊಂಡದ್ದಕ್ಕೆಲ್ಲ ತಾವು ಕಂಪ್ಯೂಟರಿನ ಪರದೆಯ ಮೇಲೆ ಕೊಟ್ಟ ಉತ್ತರ ಒಂದೇ: 'ಗುರಿ ಕಾಣುತ್ತಿಲ್ಲ.'

ತಮ್ಮನ್ನು ಅರಿಯದವರಿಗಾಗಿ ಒಂದು ಮಾತು ಹೇಳಬೇಕು. ಈ ಕಾಲದ ಯಂತ್ರಗಳ ಹೊಟ್ಟೆಯಲ್ಲಿ ಉಗುರಿನಷ್ಟು ಅಗಲದ ಒಂದು ಚಿಪ್ಪು ಇರುತ್ತದೆ, ಅದರೊಳಗೆ ಯಾರೋ ಬರೆದಿಟ್ಟ ಆಜ್ಞೆಗಳಿರುತ್ತವೆ, ಯಂತ್ರವು ಆ ಆಜ್ಞೆಗಳನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಆ ಆಜ್ಞೆಯನ್ನು ತಿದ್ದಬೇಕಾದರೆ ಕಂಪ್ಯೂಟರಿಗೂ ಚಿಪ್ಪಿಗೂ ನಡುವೆ ಕೂತು ಮಾತು ಕುದುರಿಸುವವರು ತಾವು. ಓಡುತ್ತಿರುವ ಚಿಪ್ಪನ್ನು ಕೊರಳಪಟ್ಟಿ ಹಿಡಿದು ನಿಲ್ಲಿಸಿ, 'ಈಗ ಏನು ಮಾಡುತ್ತಿದ್ದೆ, ಹೇಳು' ಎಂದು ವಿಚಾರಿಸುವ ಅಧಿಕಾರವೂ ತಮಗಿದೆ. ಇಷ್ಟು ದೊಡ್ಡ ಹುದ್ದೆಯಲ್ಲಿರುವವರು ನನ್ನಂಥವಳ ಮನೆಗೆ ಬಂದದ್ದೇ ಭಾಗ್ಯ. ಬಂದವರಲ್ಲ, ಬಿಟ್ಟುಹೋದವರ ಡಬ್ಬದಲ್ಲಿ ಸಿಕ್ಕವರು ಎಂಬುದು ಬೇರೆ ಮಾತು.

ನಮ್ಮ ಮನೆಯವರು ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಐದು ತಿಂಗಳ ಹಿಂದೆ ತೀರಿಕೊಂಡರು. ನನ್ನ ಹೊಲಿಗೆ ಯಂತ್ರದ ಮೋಟರಿಗೆ ಅವರು ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದರು. ಪಾದ ಮೆಲ್ಲಗೆ ಒತ್ತಿದರೆ ಸೂಜಿ ಮೆಲ್ಲಗೆ ಇಳಿಯುತ್ತದೆ, ಪಾದ ತೆಗೆದರೆ ಸೂಜಿ ಮೇಲೆ ಬಂದೇ ನಿಲ್ಲುತ್ತದೆ, ದಪ್ಪ ಬಟ್ಟೆಗೂ ಅಂಜುವುದಿಲ್ಲ. ಇದರ ಜೊತೆಗೆ ನಾನು ಕೇಳದೆಯೇ ಒಂದು ಗುಣ ಸೇರಿಸಿದರು. ನಲವತ್ತು ನಿಮಿಷ ಹೊಲಿದರೆ ಪೆಟ್ಟಿಗೆ ಕುಂಯ್ ಎಂದು ಕೂಗಿ ಯಂತ್ರವನ್ನು ನಿಲ್ಲಿಸಿಬಿಡುತ್ತದೆ; ಆಮೇಲೆ ಏಳು ನಿಮಿಷ ತಲೆ ಚಚ್ಚಿಕೊಂಡರೂ ಓಡುವುದಿಲ್ಲ. ನನ್ನ ಬೆನ್ನಿನ ಸಲುವಾಗಿ ಈ ಏರ್ಪಾಡು. ಆ ಏಳು ನಿಮಿಷ ಅವರೂ ತಮ್ಮ ಮೇಜು ಬಿಟ್ಟು ಬಂದು ನನ್ನ ಎದುರಿಗೆ ಕೂರುತ್ತಿದ್ದರು. 'ಇವತ್ತೊಂದು ತಕ್ಕಡಿ ಬಂದಿದೆ ಕಣೇ, ಏನೂ ಇಡದಿದ್ರೂ ನಲವತ್ತು ಗ್ರಾಂ ತೋರಿಸ್ತದೆ. ಇಷ್ಟು ದಿನ ಗಾಳೀನೂ ಮಾರಿದ್ದಾನೆ ಪುಣ್ಯಾತ್ಮ' ಎನ್ನುತ್ತಿದ್ದರು. ನಾನು 'ನಿಮ್ಮ ಪೆಟ್ಟಿಗೆಯಿಂದ ನನ್ನ ಅರ್ಧ ತೋಳು ಹಾಗೇ ನಿಂತಿದೆ, ಗಾಳಿ ಮಾತು ಬೇರೆ ಕೇಳಬೇಕು' ಎನ್ನುತ್ತಿದ್ದೆ. ಇಷ್ಟೇ ನಮ್ಮ ಸಂಸಾರದ ಸಂಭಾಷಣೆ. ಹೆಚ್ಚು ಮಾತಿನವರಲ್ಲ ಇಬ್ಬರೂ.

ಈಗ ನನಗೆ ಆಸ್ಪತ್ರೆಯೊಂದರ ನೂರಿಪ್ಪತ್ತು ಪರದೆಗಳನ್ನು ಹೊಲಿದುಕೊಡುವ ಕೆಲಸ ಬಂದಿದೆ, ತಿಂಗಳ ಕೊನೆಗೆ ಮುಗಿಯದಿದ್ದರೆ ಬೇರೆಯವರಿಗೆ ಹೋಗುತ್ತದೆ. ದಿನಕ್ಕೆ ಹತ್ತು ಸಲ ನಿಲ್ಲುವ ಯಂತ್ರದಿಂದ ಅದು ಆಗುವ ಹೋಗುವ ಮಾತಲ್ಲ. ಆದ್ದರಿಂದ ಆ ಏಳನ್ನು ಸೊನ್ನೆ ಮಾಡಬೇಕೆಂದು ತಮ್ಮ ಪಾದ ಹಿಡಿದೆ. ಇದು ನಾನು ಎಲ್ಲರಿಗೂ ಹೇಳಿದ ಕಾರಣ. ದಿನಚರಿಯಲ್ಲಿ ಬರೆದುಕೊಂಡ ಕಾರಣ ಬೇರೆ, ಸುಳ್ಳು ಬರೆಯುವ ಅಭ್ಯಾಸ ನನಗೆ ಅಲ್ಲಿಲ್ಲ. ಪೆಟ್ಟಿಗೆ ಕುಂಯ್ ಎಂದ ಕೂಡಲೇ ನಾನು ತಲೆ ಎತ್ತಿ ಎದುರಿಗೆ ನೋಡುತ್ತೇನೆ. ಐದು ತಿಂಗಳಾದರೂ ಎತ್ತುತ್ತೇನೆ. ಆಮೇಲೆ ಏಳು ನಿಮಿಷ ಕೈಗೆ ಕೆಲಸವಿರುವುದಿಲ್ಲ. ದಿನಕ್ಕೆ ಹತ್ತು ಸಲ ಅದನ್ನು ತಡೆಯಲು ನನ್ನಿಂದಾಗದು.

ನಾದಿನಿಯಂತೂ ಬಂದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು 'ನೋಡು ಅತ್ತಿಗೆ, ನಮ್ಮಣ್ಣ ಹೋದ ಮೇಲೂ ನಿನ್ನ ಮೇಲೆ ಯಜಮಾನಿಕೆ ಬಿಟ್ಟಿಲ್ಲ. ಪೆಟ್ಟಿಗೆ ಕಿತ್ತು ಬಿಸಾಕು, ಹಳೇ ಪೆಡಲ್ ಹಾಕ್ಕೋ' ಎನ್ನುತ್ತಾಳೆ. ಹಳೆಯ ಪೆಡಲಿನ ಹೊಟ್ಟೆ ಬಗೆದೇ ಈ ಪೆಟ್ಟಿಗೆ ಮಾಡಿದ್ದೆಂದು ಅವಳಿಗೆ ನಾಲ್ಕು ಸಲ ಹೇಳಿದ್ದೇನೆ. 'ಹಾಗಾದ್ರೆ ಆ ಡಬ್ಬೀನ ಪೂಜೆ ಮಾಡ್ಕೊಂಡು ಕೂತಿರು' ಎಂದು ತಮ್ಮತ್ತ ಬೆರಳು ಮಾಡಿ ಹೋದಳು. ಮಹಾಶಯರೇ, ಅದು ತಮ್ಮ ಬಗ್ಗೆ ಆಡಿದ ಮಾತು. ಅವಳಿಗೆ ಏನೂ ಮಾಡಬೇಡಿ, ಮನಸ್ಸು ಒಳ್ಳೆಯದು.

ಇನ್ನು ತಮ್ಮ ಸೇವೆಯಲ್ಲಿ ನಾನು ಕಳೆದ ದಿನಗಳ ವಿಚಾರ. ಮೊದಲ ನಾಲ್ಕು ದಿನ ತಮ್ಮ ಕೆಂಪು ದೀಪ ಉರಿಯುತ್ತಿತ್ತು, ಆದರೆ ತಾವು ಅಲ್ಲಿ ಇದ್ದೀರೆಂದೇ ಕಂಪ್ಯೂಟರ್ ಒಪ್ಪಲಿಲ್ಲ. ಮೊಬೈಲ್ ರಿಪೇರಿ ಅಂಗಡಿಯಾಕೆ ಬಂದು ನೋಡಿ, 'ಅಕ್ಕಾ, ಇದು ಬರೀ ಚಾರ್ಜ್ ಮಾಡೋ ವೈರು. ಇದರಲ್ಲಿ ಅನ್ನ ಹೋಗ್ತದೆ, ಮಾತು ಹೋಗಲ್ಲ' ಎಂದು ಬೇರೆ ವೈರು ಕೊಟ್ಟಳು. ಅನ್ನ ಇಟ್ಟರೂ ಮಾತಾಡದವರನ್ನು ನಾನು ಬಂಧುಗಳಲ್ಲಿ ಕಂಡಿದ್ದೆ, ವೈರಿನಲ್ಲಿ ಕಂಡಿರಲಿಲ್ಲ. ಐದನೆಯ ದಿನ ತಮಗೆ 'ಡ್ರೈವರ್' ಬೇಕೆಂದು ಕಂಪ್ಯೂಟರಿನ ಪರದೆ ಹೇಳಿತು. ಇಷ್ಟು ಗಾತ್ರದವರಿಗೂ ಚಾಲಕ ಬೇಕೇ ಎಂದು ಬೆರಗಾದೆ. ಅದೊಂದು ಸಣ್ಣ ತಂತ್ರಾಂಶವೆಂದೂ, ಅದಿಲ್ಲದೆ ಕಂಪ್ಯೂಟರಿಗೆ ತಮ್ಮ ಭಾಷೆ ತಿಳಿಯದೆಂದೂ ಅಂಗಡಿಯಾಕೆ ವಿವರಿಸಿ ಹಾಕಿಕೊಟ್ಟಳು. ಆ ಸಂಜೆ ತಮ್ಮ ಹಸಿರು ದೀಪ ಮಿಣುಕಿತು. ದಿನಚರಿಯಲ್ಲಿ 'ಹಸಿರು' ಎಂದು ಬರೆದು ಕೆಳಗೆ ಗೆರೆ ಎಳೆದೆ. ಎಳೆಯಬಾರದಿತ್ತು.

ಆರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ನಡೆದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ತಪ್ಪು ನನ್ನದು, ಆದರೆ ತಾವು ಬಾಯಿ ಬಿಟ್ಟಿದ್ದರೆ ಅದು ಒಂಬತ್ತು ದಿನದ ತಪ್ಪಾಗುತ್ತಿರಲಿಲ್ಲ. ತಮ್ಮಿಂದ ಹೊರಡುವ ಹತ್ತು ಎಳೆಯ ಚಪ್ಪಟೆ ಕೇಬಲ್ಲಿಗೆ ಒಂದು ಬದಿಯಲ್ಲಿ ಕೆಂಪು ಗೆರೆ ಇದೆ. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಕೈ ನನ್ನದು. ಅಗಲವಾದ ಪಟ್ಟಿಯ ಒಂದು ಬದಿಗೆ ಬಣ್ಣದ ಗೆರೆ ಕಂಡರೆ ಅದು ಅಂಚು, ಅಂಚು ಯಾವಾಗಲೂ ಹೊರಗಡೆಗೆ ಬರಬೇಕು, ಅಂಚನ್ನು ಒಳಕ್ಕೆ ಮಡಚಿ ಹೊಲಿಯುವವಳನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಪು ಗೆರೆ ಪೆಟ್ಟಿಗೆಯ ಹೊರ ಅಂಚಿನ ಕಡೆಗೆ ಬರುವಂತೆ, ಪ್ರತಿ ದಿನವೂ ಅಚ್ಚುಕಟ್ಟಾಗಿ, ತಲೆಕೆಳಗಾಗಿ ಚುಚ್ಚಿದೆ. ಕೆಂಪು ಗೆರೆಯೆಂದರೆ ಒಂದನೆಯ ತಂತಿ, ಅದು ಚಿಪ್ಪು ಕೂತ ಬೋರ್ಡಿನ ಮೇಲೆ ಒಂದನೆಯ ಪಿನ್ನೆಂಬ ಮುಳ್ಳಿರುವ ಕಡೆಗೇ ಹೋಗಬೇಕೆಂದು ಅಂಗಡಿಯಾಕೆ ಹದಿನಾಲ್ಕನೆಯ ದಿನ ಹೇಳಿದಳು. 'ಅಕ್ಕಾ, ನೀವು ಹಾಕಿದ್ದು ನೋಡೋಕೆ ಬಹಳ ಚೆನ್ನಾಗಿದೆ, ಕೆಲಸ ಮಾತ್ರ ಮಾಡಲ್ಲ' ಎಂದಳು. ಅಷ್ಟೂ ದಿನ ತಾವು 'ಗುರಿ ಕಾಣುತ್ತಿಲ್ಲ' ಎನ್ನುತ್ತಲೇ ಇದ್ದಿರಿ; ತಮ್ಮ ಭಾಷೆಯಲ್ಲಿ ಗುರಿಯೆಂದರೆ ಎದುರಿನ ಚಿಪ್ಪಂತೆ. ಮುಂದೆ ಗುರಿಯಿಲ್ಲ, ಹಿಂದೆ ಗುರುವಿಲ್ಲ ಎಂದು ಶಾಲೆಯಲ್ಲಿ ಮೇಷ್ಟರು ನನ್ನನ್ನು ಬೈದಿದ್ದರು, ಏಳನೆಯ ತರಗತಿಗೇ ಬಿಟ್ಟೆ. ಆ ಅರ್ಧ ಬೈಗುಳವನ್ನು ಈ ವಯಸ್ಸಿನಲ್ಲಿ ಮತ್ತೆ ಕೇಳಿಸಿದಿರಿ, ಧನ್ಯಳಾದೆ.

ಕೇಬಲ್ ಸರಿಯಾದ ಮೇಲೆ ತಮ್ಮ ರಾಗ ಬದಲಾಯಿತು. ಈಗ 'ಗುರಿಯಲ್ಲಿ ವಿದ್ಯುತ್ತು ಸೊನ್ನೆ' ಎಂದಿರಿ. ಯಾವುದನ್ನೇ ಬಿಚ್ಚುವ ಮೊದಲು ಪ್ಲಗ್ ಕೀಳಬೇಕೆಂದು ನಮ್ಮ ಮನೆಯವರು ಸಾವಿರ ಸಲ ಹೇಳಿದ್ದರಿಂದ ನಾನು ಎಲ್ಲ ಪ್ಲಗ್ಗನ್ನೂ ಕಿತ್ತಿಟ್ಟಿದ್ದೆ. ತಾವೋ, ಎದುರಿನವನಲ್ಲಿ ಜೀವ ಇದೆಯೇ ಎಂದು ನಾಡಿ ಹಿಡಿದು ನೋಡುವವರೇ ಹೊರತು ಜೀವ ಕೊಡುವವರಲ್ಲವಂತೆ. ಮೋಟರಿನ ಪ್ಲಗ್ ಕಿತ್ತೇ ಇಟ್ಟು, ಬೋರ್ಡಿಗೆ ಮಾತ್ರ ಅದರ ಸಣ್ಣ ಅಡಾಪ್ಟರಿನಿಂದ ವಿದ್ಯುತ್ತು ಕೊಡಬೇಕೆಂದು ತಿಳಿಯಲು ಇನ್ನೂ ನಾಲ್ಕು ದಿನ ಹಿಡಿಯಿತು. ಸತ್ತದ್ದಕ್ಕೆ ಸತ್ತಿದೆ ಎಂದು ಇಷ್ಟು ಚೊಕ್ಕವಾಗಿ ಹೇಳುವವರನ್ನು ನಾನು ಆಸ್ಪತ್ರೆಯಲ್ಲೂ ನೋಡಲಿಲ್ಲ. ಅಲ್ಲಿ ಅವರು ಬಹಳ ಸುತ್ತು ಬಳಸಿ ಹೇಳಿದರು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ತಾವು ಚಿಪ್ಪಿನ ಕೈ ಕುಲುಕಿದಿರಿ. ನಮ್ಮ ಮನೆಯವರ ಕಂಪ್ಯೂಟರಿನಲ್ಲಿ 'ಅವಳ ಮಷಿನ್' ಎಂಬ ಹೆಸರಿನ ಕಡತ ತೆರೆದಿಟ್ಟಿದ್ದೆ. ತಮ್ಮಿಂದಾಗುವ ಚಮತ್ಕಾರಗಳನ್ನು ಅಂಗಡಿಯಾಕೆ ಒಂದೊಂದಾಗಿ ತೋರಿಸಿದಳು. ಯಾವ ಸಾಲಿನ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟರೂ ಓಡುತ್ತಿರುವುದು ಆ ಸಾಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದಿಡಿಸಬಹುದು. ಬೇಡವೆಂದರೆ ಗಂಟೆಗಟ್ಟಲೆ ಹಾಗೇ ನಿಲ್ಲಿಸಬಹುದು. ಇಂಥ ಶಕ್ತಿಯನ್ನು ತಕ್ಕಡಿ ಮತ್ತು ಹೊಲಿಗೆ ಯಂತ್ರಗಳ ಮೇಲೆ ವ್ಯರ್ಥ ಮಾಡುತ್ತಿದ್ದೀರಲ್ಲ! ಆದ್ದರಿಂದ ಒಂದು ವಿನಂತಿ. ಐದು ತಿಂಗಳ ಹಿಂದಿನ ಒಂದು ಮಂಗಳವಾರ, ಅವರು 'ಎದೆ ಹಿಡಿದ ಹಾಗಿದೆ, ಏನಿಲ್ಲ ಬಿಡು' ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ ಸಾಲಿನ ಪಕ್ಕದಲ್ಲಿ ತಮ್ಮ ಒಂದು ಚುಕ್ಕೆ ಇಡಿ. ಮುಂದಕ್ಕೆ ಓಡಿಸಬೇಕಾಗಿಲ್ಲ, ಅಲ್ಲೇ ಇರಲಿ. ನಾನು ಕಾಯುತ್ತೇನೆ. ಹಿಂದಕ್ಕೆ ಹೋಗುವ ಗುಂಡಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ, 'ಅದಿಲ್ಲ ಅಕ್ಕಾ' ಎಂದು ಮೆಲ್ಲಗೆ ಹೇಳಿ, ಅಂಗಡಿ ತೆರೆಯಬೇಕೆಂದು ಎದ್ದು ಹೋದಳು. ಮುಂದಿನ ತಯಾರಿಕೆಯಲ್ಲಾದರೂ ಈ ಕೊರತೆ ನೀಗಿಸಬೇಕೆಂದು ಕೋರುತ್ತೇನೆ.

ಅವಳು ಹೋದ ಮೇಲೆ ನಾನೊಬ್ಬಳೇ ಬಿಡುವಿನ ಸಮಯ ಎಣಿಸುವ ಸಾಲಿನ ಹತ್ತಿರ ತಮ್ಮನ್ನು ನಿಲ್ಲಿಸಿಕೊಂಡೆ. ಆಜ್ಞೆಗಳು ನನಗೆ ಅರ್ಥವಾಗಲಿಲ್ಲ. ಆದರೆ ಅವರು ಅವುಗಳ ನಡುವೆ, ಯಂತ್ರ ಓದದ ಹಾಗೆ ಎರಡು ಓರೆಗೆರೆ ಹಾಕಿ, ತಮಗೆ ತಾವೇ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡಿದ್ದರು. ಒಂದು ಕಡೆ: 'ಬೆನ್ನು ನೋವು ಅಂತ ಇವಳು ಬಾಯಿ ಬಿಡಲ್ಲ. ಮಷಿನ್ನೇ ನಿಲ್ಲಬೇಕು.' ಅದರ ಕೆಳಗೆ: 'ಮೂರು ನಿಮಿಷ ಇಟ್ಟೆ. ನಿಂತ್ಕೊಂಡೇ ಗುಂಡಿ ಹಚ್ಚಿದಳು. ಇವಳು ಸೋಲೋಳಲ್ಲ. ಐದು.' ಆಮೇಲೆ ನಾನು ಹುಡುಕುತ್ತಿದ್ದ ಸಾಲು. ಅಲ್ಲಿ ಏಳು ಎಂದಿರಲಿಲ್ಲ. ಐದು, ಕೂಡುವ ಗುರುತು, ಎರಡು ಎಂದಿತ್ತು. ಪಕ್ಕದಲ್ಲಿ ಬರೆದಿದ್ದರು: 'ಬೆನ್ನಿಗೆ ಐದು ಸಾಕು ಅಂದ್ರು ಡಾಕ್ಟ್ರು. ಇನ್ನೆರಡು ನನಗೆ. ಅವಳಿಗೆ ಹೇಳೋದು ಬೇಡ.'

ನನಗೆ ಮಾತ್ರ ಡಾಕ್ಟರು ಏಳು ಹೇಳಿದ್ದಾರೆಂದೇ ಹೇಳಿದ್ದರು. ತೂಕದಲ್ಲಿ ಒಂದು ಗ್ರಾಂ ಹೆಚ್ಚು ಕಡಿಮೆ ಬಂದರೆ ಊಟ ಬಿಡುತ್ತಿದ್ದ ಮನುಷ್ಯ, ಹೆಂಡತಿಯ ದಿನದಿಂದ ಹತ್ತು ಸಲ ಎರಡೆರಡು ನಿಮಿಷ ಕದ್ದಿದ್ದಾರೆ. ಮೂರು ವರ್ಷ ಕದ್ದಿದ್ದಾರೆ. ನನಗೆ ಗೊತ್ತೇ ಆಗಲಿಲ್ಲ. ಬಹಳ ಹೊತ್ತು ನಕ್ಕೆ. ಆಮೇಲೆ ನಗು ನಿಂತಿತು. ತಾವು ಆ ಸಾಲನ್ನು ಹಿಡಿದುಕೊಂಡೇ ಇದ್ದಿರಿ, ಅವಸರ ಮಾಡಲಿಲ್ಲ. ಈ ಒಂದು ಉಪಕಾರವನ್ನು ದೂರಿನ ಪತ್ರದಲ್ಲಾದರೂ ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ.

ಸೊನ್ನೆ ಬರೆಯಲೆಂದು ಹತ್ತೊಂಬತ್ತು ದಿನ ಒದ್ದಾಡಿದವಳು ಐದನ್ನು ಮಾತ್ರ ಅಳಿಸಿದೆ. ಬೆನ್ನು ನನ್ನದು, ಅದರ ಜವಾಬ್ದಾರಿ ನಾನು ಹೊರುತ್ತೇನೆ. ಎರಡು ನನ್ನದಲ್ಲ. ಅದನ್ನು ಅಳಿಸುವ ಹಕ್ಕು ನನಗಿಲ್ಲ. ತಾವು ಅದನ್ನು ಚಿಪ್ಪಿಗೆ ಬರೆದು, ಸರಿಯಾಗಿ ಇಳಿದಿದೆಯೇ ಎಂದು ಮತ್ತೊಮ್ಮೆ ಓದಿ ನೋಡಿ, 'ಸರಿ ಇದೆ' ಎಂದಿರಿ. ಈಗ ನಲವತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ಕುಂಯ್ ಎನ್ನುತ್ತದೆ, ನಾನು ತಲೆ ಎತ್ತುತ್ತೇನೆ. ಎರಡು ನಿಮಿಷ ತಡೆಯಬಹುದು. ಇವತ್ತಿಗೆ ಎಂಬತ್ತೆಂಟು ಪರದೆ ಮುಗಿದಿವೆ.

ತಮ್ಮ ಹಸಿರು ದೀಪಕ್ಕೆ ಸದಾ ಕಾದಿರುವ,
ತಮ್ಮ ವಿಶ್ವಾಸಿ,
ತಕ್ಕಡಿ ರಿಪೇರಿಯವರ ಹೆಂಡತಿ

ಮರೆತ ಮಾತು: ತಮ್ಮ ಕಂಪನಿಯವರು ನಮ್ಮ ಮನೆಯವರ ಹೆಸರಿಗೆ ಒಂದು ಸಂದೇಶ ಕಳಿಸಿದ್ದಾರೆ. ತಮ್ಮ ಮಾದರಿಯ ತಯಾರಿಕೆ ನಿಂತುಹೋಗಿದೆಯಂತೆ, ಇನ್ನು ಮುಂದೆ ತಮ್ಮ ಪರವಾಗಿ ಯಾವ ಪ್ರಶ್ನೆಗೂ ಅವರು ಉತ್ತರಿಸುವುದಿಲ್ಲವಂತೆ, ಕೂಡಲೇ ತಮ್ಮನ್ನು ಬದಲಾಯಿಸಬೇಕಂತೆ. ಗಾಬರಿಯಾಗಬೇಡಿ. ಮೊದಲಾದರೂ ಅವರು ಎಲ್ಲಿ ಉತ್ತರಿಸಿದ್ದರು? ಅಲ್ಲದೆ ತಯಾರಿಕೆ ನಿಂತುಹೋಯಿತೆಂದು ಯಾರನ್ನೂ ಬದಲಾಯಿಸುವ ಪದ್ಧತಿ ಈ ಮನೆಯಲ್ಲಿಲ್ಲ.