ಬೋಂಡನ ಒಸಡಿನ ಬಣ್ಣ

ಮನೆಯಲ್ಲಿ ಸಾಯುವಂಥ ಕಾಯಿಲೆಯೊಂದು ಬಂದು ಕೂತರೆ ನಗೆಪಾಟಲಿನ ಪ್ರಸಂಗಗಳು ಸ್ವಲ್ಪ ದಿನವಾದರೂ ಆಚೆ ನಿಲ್ಲುತ್ತವೆ ಅಂದುಕೊಂಡಿದ್ದೆ. ನಿಲ್ಲುವುದಿಲ್ಲ. ಸಮಾಧಾನ ಹೇಳಲು ಬಂದವರ ಹಿಂದೆಯೇ ಚಪ್ಪಲಿ ಕಳಚಿ ಅವೂ ಒಳಗೆ ಬರುತ್ತವೆ.

ನನ್ನದು ಚರ್ಮ ನೋಡುವ ಕೆಲಸ. ವೈದ್ಯೆಯಲ್ಲ. ಶೂ, ಬ್ಯಾಗು ಮಾಡುವ ಕಂಪನಿಗಳ ಪರವಾಗಿ ಹದ ಮಾಡಿದ ಚರ್ಮವನ್ನು ಮುಟ್ಟಿ, ಮಡಚಿ, ಮೂಸಿ, ಪಾಸೋ ಫೇಲೋ ಹೇಳುವವಳು. ಹುಟ್ಟಿದ್ದು ಮೈಸೂರು, ಬಾಡಿಗೆ ಮನೆ ಚೆನ್ನೈನ ಅಡ್ಯಾರಿನಲ್ಲಿ, ಬದುಕಿದ್ದು ಹೆಚ್ಚಾಗಿ ವಿಮಾನ ನಿಲ್ದಾಣಗಳಲ್ಲಿ. ಒಂದೇ ಊರಲ್ಲಿ ಮೂರು ವಾರ ಕಳೆದರೆ ಅಂಗಾಲು ತುರಿಸುತ್ತದೆ. ನನ್ನ ನಾಯಿ ಬೋಂಡ ಸಿಕ್ಕಿದ್ದು ಕ್ರೋಂಪೇಟೆಯಲ್ಲಿ, ಚರ್ಮ ಹದ ಮಾಡುವ ಹಳೆಯ ಟ್ಯಾನರಿಯೊಂದರ ಗೇಟಿನಲ್ಲಿ. ದುಂಡಗೆ, ಕಂದು ಬಣ್ಣಕ್ಕೆ, ಎಣ್ಣೆಯಿಂದ ಈಗಷ್ಟೇ ತೆಗೆದ ಹಾಗಿದ್ದ. ನಾನು ಊರಲ್ಲಿಲ್ಲದಾಗ ಅಪಾರ್ಟ್‌ಮೆಂಟಿನ ವಾಚ್‌ಮನ್ ಅನ್ನ ಹಾಕುತ್ತಿದ್ದ. ಹೀಗೇ ಆರು ವರ್ಷ ನಡೆಯಿತು.

ಇಥಿಯೋಪಿಯಾದಿಂದ ವಾಪಸು ಬಂದ ದಿನ ಬೋಂಡ ಬಾಗಿಲಿಗೆ ಬರಲಿಲ್ಲ. ಮಂಚದ ಕೆಳಗೆ ಮಲಗಿದ್ದ. ಬಾಲ ಒಂದು ಸಲ ಎತ್ತಿ ಇಳಿಸಿದ, ಅಷ್ಟೇ. ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ತೆಗೆದರೆ ಅದು ಕೋಕಂ ಶರಬತ್ತಿನಷ್ಟು ತೆಳ್ಳಗಿತ್ತು. ಅವನ ದೇಹದ ಕಾವಲು ಕಣಗಳು ಅವನ ಕೆಂಪು ಕಣಗಳನ್ನೇ ಶತ್ರುಗಳೆಂದು ತಿಳಿದು ಒಡೆದು ಹಾಕುತ್ತಿವೆ ಎಂದರು. ನನಗೆ ಕೂಡಲೇ ಅರ್ಥವಾಯಿತು. ನಮ್ಮ ವಾಚ್‌ಮನ್ ಕೂಡ ಹಾಗೇ. ಸೇಲ್ಸ್‌ನವರಿಗೆಲ್ಲ ಸಲಾಂ ಹೊಡೆದು ಒಳಗೆ ಬಿಟ್ಟು, ನನ್ನನ್ನು ಮಾತ್ರ ತಡೆದು ಯಾವ ಫ್ಲಾಟ್ ಎಂದು ಕೇಳುತ್ತಾನೆ.

ಉಳಿಯುತ್ತಾನಾ ಎಂದು ಕೇಳಿದೆ. ಡಾಕ್ಟರಮ್ಮ ಪಥ್ಯದ ಪಟ್ಟಿ ಕೊಟ್ಟರು.

೧. ಬಣ್ಣದ ಪಟ್ಟಿ

ದಿನಕ್ಕೆರಡು ಸಲ ಬೋಂಡನ ತುಟಿ ಎತ್ತಿ ಒಸಡಿನ ಬಣ್ಣ ನೋಡಿ ಫೋನಿನಲ್ಲಿ ತಿಳಿಸಬೇಕಿತ್ತು. ಗುಲಾಬಿಯಾದರೆ ಸರಿ. ಬಿಳಿಯಾದರೆ ಹೊತ್ತುಕೊಂಡು ಓಡಬೇಕು.

ಗುಲಾಬಿ ಅಂದರೆ ಯಾವ ಗುಲಾಬಿ? ನಮ್ಮ ಕಸುಬಿನಲ್ಲಿ ಬರೀ ಗುಲಾಬಿ ಅಂದವನನ್ನು ಮನೆಗೆ ಕಳಿಸುತ್ತಾರೆ. ಮೇಕೆ ಚರ್ಮದ ಬಣ್ಣ ಹೊಂದಿಸುವ ಪಟ್ಟಿ ನನ್ನ ಕೈಚೀಲದಲ್ಲೇ ಇತ್ತು, ನಂಬರು ಏರಿದಷ್ಟೂ ಬಣ್ಣ ಗಾಢ. ಅದನ್ನು ಬೋಂಡನ ಬಾಯಿ ಪಕ್ಕ ಹಿಡಿದು, ಕಿಟಕಿಯ ಬೆಳಕಿನಲ್ಲಿ ನೋಡಿ, ಬೆಳಿಗ್ಗೆ ಹದಿನಾಲ್ಕನೇ ನಂಬರು, ಸಂಜೆ ಹದಿಮೂರೂವರೆ ಎಂದು ಹೇಳತೊಡಗಿದೆ. ಡಾಕ್ಟರಮ್ಮ ಎರಡು ದಿನ ಸಹಿಸಿ, ಮೂರನೆಯ ದಿನ ತನಗೂ ಅಂಥದ್ದೊಂದು ಪಟ್ಟಿ ಬೇಕೆಂದರು.

ಚಟ ಹತ್ತಿದರೆ ಬಿಡುವುದಿಲ್ಲ. ಯಾರು ಮಾತಾಡಿದರೂ ನನ್ನ ಕಣ್ಣು ಅವರ ಒಸಡಿನ ಮೇಲೆ. ಒಂದು ದಿನ ವಾಚ್‌ಮನ್ ನಕ್ಕು ಗೇಟು ತೆಗೆದ. ನಂಬರು ಹತ್ತು, ಅದಕ್ಕಿಂತ ಹೆಚ್ಚಿಲ್ಲ. ಹೋಗಿ ರಕ್ತ ಪರೀಕ್ಷೆ ಮಾಡಿಸಿಕೋ ಅಂದೆ. ಅವನು ನಾಯಿ ಕಾಯಿಲೆಯ ಅಮ್ಮನಿಗೆ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆದರೂ ಭಯ ಬಿದ್ದು ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದ. ನಿಜಕ್ಕೂ ರಕ್ತ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟಿದ್ದರು.

ಅಂದಿನಿಂದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಕಂಡರೆ ಎಲ್ಲರೂ ಬಾಯಿ ಮುಚ್ಚಿಕೊಂಡೇ ನಗುತ್ತಾರೆ.

೨. ಶುದ್ಧ ಸಸ್ಯಾಹಾರಿ ರಕ್ತ

ಮೊದಲನೇ ವಾರದ ಕೊನೆಗೆ ಬೋಂಡನ ಒಸಡು ಪಟ್ಟಿಯಿಂದಲೇ ಆಚೆ ಹೋಯಿತು. ಆ ಬಣ್ಣಕ್ಕೆ ನಂಬರಿರಲಿಲ್ಲ. ನೂರಕ್ಕೆ ನಲವತ್ತರ ಮೇಲಿರಬೇಕಾದ ರಕ್ತದ ಕೆಂಪು ಕಣಗಳ ಮಟ್ಟ ಹದಿಮೂರಕ್ಕಿಳಿದಿದೆ, ಸಂಜೆಯೊಳಗೆ ಬೇರೆ ನಾಯಿಯ ರಕ್ತ ಕೊಡಬೇಕು ಎಂದರು ಡಾಕ್ಟರಮ್ಮ. ದೊಡ್ಡ ನಾಯಿ, ಆರೋಗ್ಯದ ನಾಯಿ, ಸಿಟ್ಟಿಲ್ಲದ ನಾಯಿ.

ಅಂಥದ್ದು ನನಗೆ ಗೊತ್ತಿದ್ದದ್ದು ಒಂದೇ. ಬೀದಿ ತುದಿಯ ಉಡುಪಿ ಹೋಟೆಲಿನ ಯಜಮಾನರ ನಾಯಿ. ಕುಂದಾಪುರದ ಕಡೆಯವರು, ಎರಡು ತಲೆಮಾರಿನಿಂದ ಇಲ್ಲೇ ಹೋಟೆಲು. ನಾಯಿ ಕ್ಯಾಶ್ ಕೌಂಟರಿನ ಹಿಂದೆ ಮಲಗಿ ಮಲಗಿ ಕೌಂಟರಿನಷ್ಟೇ ಅಗಲವಾಗಿತ್ತು. ವಿಷಯ ಕೇಳಿದ ತಕ್ಷಣ ಯಜಮಾನರು ಗಲ್ಲಾ ಬಿಟ್ಟು ಎದ್ದರು. ನಾಯಿಯನ್ನೂ ಎಬ್ಬಿಸಿದರು. ಆಟೋ ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಒಂದು ಮಾತು ಮೊದಲೇ ಹೇಳ್ತೇನೆ ಮಾರಾಯ್ರೆ, ಆಮೇಲೆ ತಪ್ಪು ತಿಳಿಯಬಾರದು. ನಮ್ಮದು ಪ್ಯೂರ್ ವೆಜ್. ಇಡ್ಲಿ, ಮೊಸರನ್ನ, ಬನ್ಸು ತಿಂದು ಬೆಳೆದದ್ದು. ಈ ರಕ್ತ ನಿಮ್ಮ ಕೋಳಿ ತಿನ್ನುವ ನಾಯಿಗೆ ಹಿಡೀತದಾ?"

ಡಾಕ್ಟರಮ್ಮ ಹಿಡಿಯುತ್ತದೆ ಎಂದರು. ಆ ನಾಯಿ ಮೇಜಿನ ಮೇಲೆ ಮಲಗಿ ನಿದ್ದೆಯನ್ನೇ ಮುಂದುವರಿಸಿತು. ಬೋಂಡನ ಕಾಲಿಗೆ ಕೊಳವೆ ಹಾಕಿ, ಹನಿ ಹನಿಯಾಗಿ ನಾಲ್ಕು ಗಂಟೆ ಹೊತ್ತು ರಕ್ತ ಬಿಟ್ಟರು. ನಾನು ಹನಿ ಎಣಿಸುತ್ತಾ ಕೂತೆ. ಪ್ರಪಂಚದಲ್ಲಿ ಎಷ್ಟೋ ಕಡೆ ಕಾದಿದ್ದೇನೆ, ಎಲ್ಲಿಂದಲೂ ಎದ್ದು ಹೋಗಬಹುದಿತ್ತು. ಇಲ್ಲಿ ಮಾತ್ರ ಕಾಲು ತುರಿಸಲಿಲ್ಲ.

ಮೂರು ದಿನದಿಂದ ಲಿವರ್ ಬೇಯಿಸಿ ಮೂಗಿಗೆ ಹಿಡಿದರೂ ಮುಖ ತಿರುಗಿಸಿದ್ದ ಬೋಂಡ, ಕೊನೆಯ ಹನಿ ಇಳಿದ ಮೇಲೆ ತಲೆ ಎತ್ತಿದ. ಮೂಸಿದ. ಯಜಮಾನರು ತಮ್ಮ ನಾಯಿಗೆಂದು ಎಲೆಯಲ್ಲಿ ಕಟ್ಟಿ ತಂದಿದ್ದ ಇಡ್ಲಿಯ ಕಡೆ ಕತ್ತು ಚಾಚಿದ.

ಯಜಮಾನರು ನನ್ನ ಕಡೆ ನೋಡಿ, ನಾನು ಮೊದಲೇ ಹೇಳಿದ್ದೆ ಅಲ್ವಾ, ಅಂದರು.

೩. ಅಸಲಿ ಚರ್ಮ

ಆಮೇಲೆ ಸ್ಟೆರಾಯ್ಡು. ಅದು ರಕ್ತ ಉಳಿಸುತ್ತದೆ, ಬೇರೆ ಏನನ್ನೂ ಉಳಿಸುವುದಿಲ್ಲ. ಬೋಂಡನಿಗೆ ಹಸಿವು ಬಂತು ಅನ್ನುವುದಕ್ಕಿಂತ ಹಸಿವಿಗೆ ಬೋಂಡ ಸಿಕ್ಕ ಅನ್ನಬೇಕು. ಅಳತೆ ಮಾಡಿ ಹಾಕಿದ ಅನ್ನ, ಕೋಳಿ ಒಂದು ನಿಮಿಷ. ಆಮೇಲೆ ಪಾತ್ರೆ ಉಜ್ಜುವ ನಾರು, ಸೋಪಿನ ಕಾಗದ, ನೆಲ ಒರೆಸುವ ಬಟ್ಟೆಯ ಒಂದು ಮೂಲೆ. ಬಕೆಟ್ಟುಗಟ್ಟಲೆ ನೀರು ಕುಡಿದು, ಅಷ್ಟನ್ನೂ ನನ್ನ ಚಾಪೆಯ ಮೇಲೇ ಹಿಂದಿರುಗಿಸುತ್ತಿದ್ದ. ಕಾಲಿನ ಮಾಂಸ ಕರಗಿ, ಹೊಟ್ಟೆ ಮಾತ್ರ ಮಡಕೆಯಂತೆ ಜೋತಾಡುತ್ತಿತ್ತು. ನೋಡಿದವರು ಚೆನ್ನಾಗಿ ಮೈ ಕಟ್ಟಿದ್ದಾನಲ್ಲ ಎಂದು ನನ್ನನ್ನು ಹೊಗಳುತ್ತಿದ್ದರು.

ವಿಯೆಟ್ನಾಂಗೆ ಹೋಗಬೇಕಿದ್ದ ಪ್ರಯಾಣ ರದ್ದು ಮಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕಾರಣ ನಾಯಿ ಅಂತ ಹೇಳಲಾಗದೆ, ಮನೆಯಲ್ಲಿ ಹಿರಿಯರಿಗೆ ರಕ್ತದ ಕಾಯಿಲೆ ಎಂದು ಬರೆದೆ. ಆಫೀಸಿನವರು ಮರುಗಿ, ನನಗೆಂದು ಒಂದು ದುಬಾರಿ ಕೈಚೀಲ ಕಳಿಸಿದರು. ಅಪ್ಪಟ ಕರುವಿನ ಚರ್ಮ ಎಂಬ ಚೀಟಿಯೂ ಇತ್ತು. ಮುಟ್ಟಿ ನೋಡಿದೆ, ಮೂಸಿ ನೋಡಿದೆ, ಒಳ್ಳೆಯ ಮಾಲು ಎಂದು ಕುರ್ಚಿಯ ಮೇಲಿಟ್ಟು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಬೋಂಡ ಅದರ ಹಿಡಿ ಕಚ್ಚಿ, ಎರಡು ಸಲ ಅಗಿದು, ನೆಲದ ಮೇಲೆ ಉಗುಳಿದ್ದ. ಹರಿದ ಅಂಚು ಎತ್ತಿ ನೋಡಿದರೆ ಒಳಗೆ ಬಟ್ಟೆ, ಮೇಲೆ ಪ್ಲಾಸ್ಟಿಕ್ಕಿನ ಲೇಪ. ರೆಕ್ಸಿನ್ನು.

ಫೇಲು ಮಾಡಲು ನನಗೆ ಇಪ್ಪತ್ತೆರಡು ವರ್ಷದ ಅನುಭವ ಸಾಲಲಿಲ್ಲ. ನೆಲ ಒರೆಸುವ ಬಟ್ಟೆ ತಿನ್ನುವವನು ಕೂಡ ಅದನ್ನು ತಿನ್ನಲಿಲ್ಲ.

೪. ಮೇಲಿನ ಮನೆಯ ಡಬ್ಬಿ

ಪಥ್ಯದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಕೆಂಪು ಇಂಕಿನಲ್ಲಿ ಬರೆದಿದ್ದದ್ದು: ಈರುಳ್ಳಿ, ಬೆಳ್ಳುಳ್ಳಿ ಕೂಡದು. ಆರೋಗ್ಯವಾಗಿರುವ ನಾಯಿಗೇ ಅದು ಕೆಂಪು ಕಣ ಒಡೆಯುವ ವಿಷ, ಇವನಿಗೆ ಸ್ವಲ್ಪವೂ ಸಾಕು.

ನಾನು ಟ್ಯಾನರಿಗೆ ಹೋದ ದಿನ ಮಧ್ಯಾಹ್ನ ಬೋಂಡನಿಗೆ ಯಾರು ಊಟ ಕೊಡಬೇಕು? ಈರುಳ್ಳಿ ಸೋಕದ ಅಡುಗೆಮನೆ ಇಡೀ ಕಟ್ಟಡದಲ್ಲಿ ಒಂದೇ ಇತ್ತು. ಮೇಲಿನ ಮನೆಯ ಅಜ್ಜಿಯದು. ಮದುವೆಯಾಗಿ ಚೆನ್ನೈಗೆ ಬಂದು ಅರವತ್ತು ವರ್ಷ, ಕನ್ನಡದ ಅರ್ಧ ತಮಿಳಾಗಿದೆ, ಮಡಿ ಮಾತ್ರ ಹಾಗೇ ಇದೆ. ಮಗ, ಸೊಸೆ ಕೆಲಸಕ್ಕೆ ಹೋದರೆ ಬರುವುದು ಏಳಕ್ಕೆ. ಬೋಂಡ ಮೆಟ್ಟಿಲ ಮೇಲೆ ನಡೆದರೆ ನೀರು ಚಿಮುಕಿಸುತ್ತಿದ್ದ ಅಜ್ಜಿ.

ಅವರನ್ನು ಒಲಿಸಿಕೊಳ್ಳಲು ನಾನು ಜಾಣತನ ತೋರಿಸಿದೆ. ಕಾಯಿಲೆ, ಕಣ, ವಿಷ ಎಂದೆಲ್ಲ ಹೇಳಿದರೆ ಹೆದರಿ ಒಲ್ಲೆ ಎಂದಾರು. ಅದಕ್ಕೇ ನಗುತ್ತಾ, ಅಜ್ಜಿ, ಇವನೂ ನಿಮ್ಮ ಹಾಗೇ, ಈರುಳ್ಳಿ ಬೆಳ್ಳುಳ್ಳಿ ಮುಟ್ಟೋದಿಲ್ಲ ಅಂದೆ.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಬೋಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಅಪ್ಪಡಿಯಾ, ಹೌದಾ? ನಮ್ಮ ಸೊಸೆಗಿಂತ ವಾಸಿ."

ಮಾರನೆಯ ದಿನದಿಂದ ಉಪ್ಪಿಲ್ಲದ ಹೆಸರುಬೇಳೆ ಪೊಂಗಲು ಸ್ಟೀಲ್ ಡಬ್ಬಿಯಲ್ಲಿ ಇಳಿದು ಬರತೊಡಗಿತು. ಏಕಾದಶಿ ದಿನ ಮಾತ್ರ ಇಲ್ಲ, ಅಂದು ಅವರ ಒಲೆಯೇ ಹೊತ್ತುವುದಿಲ್ಲ. ಸ್ವಲ್ಪ ದಿನದಲ್ಲಿ ಬೋಂಡ ತಾನೇ ಮೆಟ್ಟಿಲು ಹತ್ತಿ, ಸಂಜೆ ನಾಲ್ಕಕ್ಕೆ ಅಜ್ಜಿಯ ಬಾಲ್ಕನಿಯಲ್ಲಿ ಕೂರುವ ಮಟ್ಟಕ್ಕೆ ಬಂದ. ಅಷ್ಟರೊಳಗೆ ರಕ್ತ ಇಪ್ಪತ್ತಾಗಿತ್ತು, ಇಪ್ಪತ್ತಾರಾಗಿತ್ತು, ಮೂವತ್ತೊಂದಾಗಿತ್ತು. ಡಾಕ್ಟರಮ್ಮ ಯಾರ ಅಡುಗೆ ಎಂದು ಕೇಳಿದಾಗ ಹೆಮ್ಮೆಯಿಂದ ಹೇಳಿದೆ.

ಅಜ್ಜಿ ಅವನ ಗೋತ್ರ ಒಂದನ್ನು ಕೇಳಿರಲಿಲ್ಲ. ಮಿಕ್ಕಿದ್ದೆಲ್ಲ ಒಪ್ಪಿಗೆಯಾಗಿತ್ತು.

೫. ನಾಲ್ಕು ಗಂಟೆ

ಆಮೇಲೆ ಒಂದು ಪರೀಕ್ಷೆಯಲ್ಲಿ ಹತ್ತೊಂಬತ್ತು ಬಂತು.

ಲ್ಯಾಬಿನವರ ತಪ್ಪು ಎಂದು ಮತ್ತೆ ಮಾಡಿಸಿದೆ. ಹದಿನೆಂಟು. ಔಷಧಿ ಕೈಕೊಟ್ಟಿದ್ದರೆ ಇನ್ನೊಂದಿದೆ, ಆದರೆ ಅದು ಲಿವರನ್ನು ಸುಡುತ್ತದೆ, ಈ ಸ್ಥಿತಿಯಲ್ಲಿ ಅವನು ತಡೆಯುತ್ತಾನೆ ಎಂದು ಹೇಳಲಾರೆ ಎಂದರು ಡಾಕ್ಟರಮ್ಮ. ಆಮೇಲೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, ಕಣಗಳ ಮೇಲೆ ಚುಕ್ಕೆಗಳಿವೆ, ಇವನಿಗೆ ಯಾರೋ ಈರುಳ್ಳಿ ಕೊಡುತ್ತಿದ್ದಾರೆ ಅಂದರು. ಯಾರೆಂದು ಗೊತ್ತಾದರೆ ಹೊಸ ಔಷಧಿ ಬೇಡ. ಗೊತ್ತಾಗದಿದ್ದರೆ ನಾಳೆಯಿಂದಲೇ ಶುರು.

ವಾಚ್‌ಮನ್‌ನನ್ನು ವಿಚಾರಿಸಿದೆ. ಅವನು ತನ್ನ ಮಕ್ಕಳ ಮೇಲೆ ಆಣೆ ಹಾಕಿದ, ಆದರೆ ನನ್ನ ಮುಖ ನೋಡಲಿಲ್ಲ. ಹೋಟೆಲಿಗೆ ಹೋಗಿ ಯಜಮಾನರನ್ನು ವಿಚಾರಿಸಿದೆ. ತಮ್ಮ ನಾಯಿಯ ರಕ್ತ ಓಡುತ್ತಿರುವ ಮೈಗೆ ಈರುಳ್ಳಿ ಹಾಕುವಷ್ಟು ಪಾಪಿ ತಾವಲ್ಲ ಎಂದು ಅವರಿಗೆ ಸಿಟ್ಟೇ ಬಂತು. ಮೇಲಿನ ಮನೆಯನ್ನು ಸಂಶಯಿಸಲು ನನಗೆ ಹೊಳೆಯಲೂ ಇಲ್ಲ. ಅಲ್ಲಿಗೆ ಹೋದದ್ದು, ಹೊಸ ಔಷಧಿ ಶುರುವಾದರೆ ನಾನೇ ಮನೆಯಲ್ಲಿರುತ್ತೇನೆ, ನಾಳೆಯಿಂದ ಡಬ್ಬಿ ಬೇಡ ಎಂದು ಹೇಳಲು. ಹೇಳುತ್ತಾ ಅಳು ಬಂತು. ಅಳುತ್ತಲೇ, ಮೊದಲ ದಿನ ಹೇಳಬೇಕಾಗಿದ್ದನ್ನು ಹೇಳಿದೆ: ಈರುಳ್ಳಿ ಇವನ ರಕ್ತ ಒಡೆಯುತ್ತದೆ ಅಜ್ಜಿ, ಯಾರೋ ಕೊಟ್ಟುಬಿಟ್ಟಿದ್ದಾರೆ.

ಅಜ್ಜಿಯ ಬಾಯಿ ತೆರೆದೇ ಉಳಿಯಿತು. ಒಸಡು ಒಂಬತ್ತನೇ ನಂಬರು.

ಡಾಕ್ಟರ ಹತ್ತಿರ ತಾನೂ ಬರುತ್ತೇನೆ ಎಂದರು. ಅರವತ್ತು ವರ್ಷದಲ್ಲಿ ನಾಯಿಗೆ ಸೆರಗು ಸೋಕಿಸದವರು ಆಟೋದಲ್ಲಿ ಬೋಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಡಾಕ್ಟರಮ್ಮನ ಮುಂದೆ ಕುರ್ಚಿ ಎಳೆದು, ಈ ಮಾತು ಸೊಸೆಗೆ ಹೋಗಬಾರದು ಎಂದು ಮೊದಲು ನನ್ನಿಂದ ಮಾತು ತೆಗೆದುಕೊಂಡರು. ಆಮೇಲೆ ತಪ್ಪೊಪ್ಪಿಗೆ.

ದಿನಾ ನಾಲ್ಕಕ್ಕೆ ವಾಚ್‌ಮನ್ ಹೋಟೆಲಿನಿಂದ ಒಂದು ಪ್ಲೇಟ್ ಈರುಳ್ಳಿ ಬಜ್ಜಿ ಕಟ್ಟಿಸಿಕೊಂಡು ಮೇಲೆ ತರುತ್ತಿದ್ದ. ಮೂರು ವರ್ಷದಿಂದ.

"ಆದ್ರೆ ನಾನು ವೆಂಗಾಯ ತಿಂದಿಲ್ಲಮ್ಮ. ದೇವರಾಣೆ. ಮೇಲಿನ ಹಿಟ್ಟು ಮಾತ್ರ ಬಿಡಿಸಿಕೊಂಡು ತಿಂತಿದ್ದೆ. ಒಳಗಿಂದು ಮೊದಲು ಕಾಗೆಗೆ ಹಾಕ್ತಿದ್ದೆ. ಈಗ ಇವನು ಬಂದು ಕೂರ್ತಾನಲ್ಲ, ಇವನಿಗೆ."

ಇವನು ಮುಟ್ಟುವುದಿಲ್ಲ ಎಂದು ನಾನು ಹೇಳಿದ್ದೆನಲ್ಲ ಎಂದು ಕೇಳಿದೆ.

"ನನ್ನ ಹಾಗೇ ಅಂದೆ. ನನ್ನ ಹಾಗೇ ಅಂತ ತಿಳಕೊಂಡೆ."

ಔಷಧಿಯ ಪಥ್ಯಕ್ಕೆ ವ್ರತದ ಬಟ್ಟೆ ಉಡಿಸಿ ಮೇಲೆ ಕಳಿಸಿದವಳು ನಾನು.

ಡಾಕ್ಟರಮ್ಮ ಮುಖ ಒಂದಿಷ್ಟೂ ಬದಲಿಸದೆ ಪೆನ್ನು ತೆಗೆದು, ಎಷ್ಟು ದಿನದಿಂದ ಎಂದರು. ಮೂರು ವಾರ ಎಂದರು ಅಜ್ಜಿ. ಪ್ರತಿದಿನವಾ ಎಂದರು ಡಾಕ್ಟರಮ್ಮ. ಅಜ್ಜಿ ನೆಟ್ಟಗೆ ಕೂತರು.

"ಛೆ. ಏಕಾದಶಿ ದಿನ ಇಲ್ಲ."

ಹೊಸ ಔಷಧಿ ಶುರು ಮಾಡಲಿಲ್ಲ. ಒಂದು ವಾರ ಕಾಯಲು ಹೇಳಿದರು. ಆ ವಾರ ನಾನು ಪಟ್ಟಿ ಹಿಡಿದು ಬೋಂಡನ ಬಾಯಿ ಎದುರು ಕೂತೆ, ಅಜ್ಜಿ ನನ್ನ ಎದುರು ಕೂತರು. ನಾಲ್ಕು ಗಂಟೆಗೆ ವಾಚ್‌ಮನ್ ಬಂದು, ಖಾಲಿ ಕೈ ನೋಡಿಕೊಂಡು ವಾಪಸು ಹೋಗುತ್ತಿದ್ದ. ಒಸಡಿನ ನಂಬರು ಹನ್ನೊಂದು. ಹನ್ನೊಂದೂವರೆ. ಮತ್ತೆ ಹನ್ನೊಂದು. ಏಳನೆಯ ದಿನ ಮೂವರೂ ಅದೇ ಆಟೋದಲ್ಲಿ ಹೋದೆವು. ರಕ್ತ ಇಪ್ಪತ್ತನಾಲ್ಕು ಬಂತು.

ಹಿಗ್ಗಬೇಡಿ, ಈ ಕಾಯಿಲೆ ಯಾವತ್ತು ಬೇಕಾದರೂ ತಿರುಗಿ ಬರಬಹುದು, ಮಾತ್ರೆ ಅವನಿರುವವರೆಗೂ ಇರುತ್ತದೆ ಎಂದರು ಡಾಕ್ಟರಮ್ಮ. ನಾನು ತಲೆಯಾಡಿಸಿದೆ. ಅಜ್ಜಿ ಮಾತ್ರ ಸೆರಗಿನ ತುದಿ ತಿರುವುತ್ತಾ, ಪೂರ್ತಿ ವಾಸಿಯಾದ ಮೇಲಾದರೂ ಯಾವಾಗಲಾದರೊಮ್ಮೆ, ಒಂದೇ ಒಂದು ಚೂರು, ಎಂದು ಕೇಳಿದರು.

ಡಾಕ್ಟರಮ್ಮ ಚೀಟಿ ಬರೆಯುವುದನ್ನು ನಿಲ್ಲಿಸಿ, ಇಲ್ಲ ಅಜ್ಜಿ, ಇನ್ನು ಸಾಯುವವರೆಗೂ ಇವನಿಗೆ ದಿನಾ ಏಕಾದಶಿ ಎಂದರು.

ಅಜ್ಜಿ ಬೋಂಡನ ತಲೆಯ ಮೇಲೆ ಕೈಯಿಟ್ಟರು.

"ಪಾಪ ಕಣೋ. ನಂಗೆ ಹದಿನೈದು ದಿನಕ್ಕೊಂದೇ ತಡಿಯಕ್ಕಾಗಲ್ಲ."