ಅಮೆರಿಕದ ಹಳೇ ಪದ್ಧತಿಯಲ್ಲಿ ಅಧ್ಯಕ್ಷರನ್ನು ಆರಿಸಿದ ಬಗ್ಗೆ ಸ್ಪಷ್ಟೀಕರಣ

ಮೂರೂರು ವಾಚನಾಲಯಗಳ ಒಕ್ಕೂಟ
(ಕಡೂರು, ತರೀಕೆರೆ, ಅಜ್ಜಂಪುರ)
ಕೇಂದ್ರ ಕಚೇರಿ: ಸೈಕಲ್ ಷಾಪಿನ ಮಹಡಿ, ಸ್ಟೇಷನ್ ರಸ್ತೆ, ಬೀರೂರು

ಸಂಖ್ಯೆ: ಮೂವಾಒ/ಅಧ್ಯಕ್ಷಗಿರಿ/1/83-84
ದಿನಾಂಕ: 14-11-1983

ಸುತ್ತೋಲೆ

ವಿಷಯ: ಒಕ್ಕೂಟದ ಅಧ್ಯಕ್ಷರ ಆಯ್ಕೆ ಹೀಗೇಕಾಯಿತು ಎಂಬ ಬಗ್ಗೆ.

ಉಲ್ಲೇಖ: 1) ‘ಅಮೆರಿಕ ದೇಶದ ಚರಿತ್ರೆ’, ಅಜ್ಜಂಪುರ ಶಾಖೆಯ ಪ್ರತಿ, ಮೊದಲ ಮೂವತ್ತು ಪುಟಗಳು (ಉಳಿದವು ಗೆದ್ದಲಿನ ಪಾಲು).
2) ಶ್ರೀಮತಿ ಕರಿಬಸಮ್ಮನವರು ಅಡುಗೆಮನೆಯಿಂದ ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ: ಒಕ್ಕೂಟದ ಕಾರ್ಯದರ್ಶಿಯೂ ಅಜ್ಜಂಪುರದ ನಿವೃತ್ತ ಚರಿತ್ರೆ ಮೇಷ್ಟರೂ ಆದ ಶ್ರೀ ತೀರ್ಥಪ್ಪನವರು ಹನ್ನೊಂದು ವರ್ಷಗಳಿಂದ ಪ್ರತಿ ಕಾಗದದ ಕೆಳಗೂ ‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಎಂದು ಬರೆದು ರುಜು ಹಾಕುತ್ತ ಬಂದಿರುತ್ತಾರೆ. ಒಂದೇ ಒಂದು ಸಲ ಆ ಅಪ್ಪಣೆ ತಮ್ಮದೇ ಆಗಬೇಕೆಂಬ ಆಸೆ ಸದರಿಯವರಿಗೆ ಇತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಬಾಯಿ ಬಿಟ್ಟು ಕೇಳದೆಯೇ ಅಧ್ಯಕ್ಷರಾಗುವ ದಾರಿ ಉಲ್ಲೇಖ (1)ರಲ್ಲಿ ಸಿಕ್ಕ ಕಾರಣ, ಈ ಸಾಲಿನ ಚುನಾವಣೆಯನ್ನು ಅಮೆರಿಕದ ಮೊದಮೊದಲ ಪದ್ಧತಿಯಂತೆ ನಡೆಸಲಾಯಿತು. ಅದರ ವಿವರಗಳನ್ನು ಈ ಕೆಳಕಂಡಂತೆ ಸರ್ವರ ಗಮನಕ್ಕೆ ತರಲಾಗಿದೆ.

1. ಹುರಿಯಾಳು ತನಗೆ ಮತ ಕೊಡಿ ಎಂದು ಕೇಳತಕ್ಕದ್ದಲ್ಲ. ಆ ಕಾಲದ ಅಮೆರಿಕದಲ್ಲಿ ಹಾಗೆ ಕೇಳುವುದು ಮಾನಗೇಡಿನ ಕೆಲಸವಾಗಿತ್ತು. ತನಗೆ ಆಸೆಯೇ ಇಲ್ಲವೆಂಬಂತೆ ಮನೆಯಲ್ಲಿ ಕೂತಿರತಕ್ಕದ್ದು.

2. ಕೂತಿರುವಾಗ ಬೀದಿಯಲ್ಲಿ ಹೋಗುವವರನ್ನು ನೋಡಿ ನಕ್ಕರೆ ಅದನ್ನು ಪ್ರಚಾರವೆಂದು ಪರಿಗಣಿಸಲಾಗುವುದು. ಕೆಮ್ಮಬಹುದು.

3. ಶಾಖೆಗೆ ನಾಲ್ವರಂತೆ ಹನ್ನೆರಡು ಮಂದಿ ಆಯ್ಕೆದಾರರು. ತಲಾ ಎರಡು ಮತ. ಎರಡರಲ್ಲಿ ಒಂದಾದರೂ ತನ್ನ ಶಾಖೆಗೆ ಸೇರದವರಿಗೆ ಹೋಗತಕ್ಕದ್ದು. ಹೆಚ್ಚು ಮತ ಪಡೆದವರು ಅಧ್ಯಕ್ಷರು. ಅವರ ನಂತರದವರು, ಇಬ್ಬರಿಗೂ ಮಾತುಕತೆ ನಿಂತಿದ್ದರೂ ಸಹ, ಉಪಾಧ್ಯಕ್ಷರು.

4. ಒಂದೇ ದಿನ ಆಯಾ ಊರಿನಲ್ಲೇ ಮತ ಬರೆದು, ಲಕೋಟೆಗೆ ಅರಗು ಹಾಕಿ, ಬೀರೂರಿಗೆ ಕಳಿಸತಕ್ಕದ್ದು. ಅಮೆರಿಕದಲ್ಲಿ ಇದಕ್ಕೆ ಕುದುರೆಗಳಿದ್ದವು. ಒಕ್ಕೂಟಕ್ಕೆ ಶ್ರೀ ಗಿರಿಯಪ್ಪನವರಿದ್ದರು. ರೈಲ್ವೆ ಗ್ಯಾಂಗ್‌ಮನ್ ಆಗಿ ನಿವೃತ್ತರಾದ ಇವರು ಮೂರೂ ವಾಚನಾಲಯಗಳ ಪುಸ್ತಕದ ಕಟ್ಟುಗಳನ್ನು ಪ್ಯಾಸೆಂಜರ್ ಗಾಡಿಯಲ್ಲಿ ಊರಿಂದೂರಿಗೆ ಸಾಗಿಸುವವರು. ಮೂರಕ್ಕೂ ಬೇಕಾದವರಾದ್ದರಿಂದ ಯಾವ ಶಾಖೆಯೂ ಇವರನ್ನು ತನ್ನವರೆಂದು ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ.

5. ಕಲಂ 1ರಂತೆ ಕಾರ್ಯದರ್ಶಿಯವರು ಇಸ್ತ್ರಿ ಮಾಡಿಸಿದ ಕೋಟು ತೊಟ್ಟು ಒಂಬತ್ತು ದಿನ ಜಗಲಿಯ ಮೇಲೆ ಆಸೆಯಿಲ್ಲದವರಂತೆ ಕೂತಿದ್ದರು. ಅವರ ಪತ್ನಿ ಕರಿಬಸಮ್ಮನವರು, “ಬೇಕು ಅಂದ್ರೆ ಬೇಕು ಅನ್ನಿ, ಬ್ಯಾಡ ಅಂದ್ರೆ ಬ್ಯಾಡ ಅನ್ನಿ. ಈ ವಯಸ್ನಲ್ಲಿ ಮದುವೆ ಗಂಡಿನಂಗೆ ಕೂತಿದೀರಲ್ಲ!” ಎಂದು ಆಕ್ಷೇಪಿಸಿದ್ದು ಸರಿಯಷ್ಟೆ. ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.

6. ಹತ್ತನೆಯ ದಿನ ಅಜ್ಜಂಪುರದ ಆಯ್ಕೆದಾರರಾದ ಶ್ರೀ ಮಲ್ಲಿಕಾರ್ಜುನಯ್ಯನವರು ಜಗಲಿಗೆ ಬಂದು, “ಮೇಷ್ಟ್ರೇ, ನಿಮ್ಮ ಹೆಸ್ರು ಬರೀಲೇನ್ರೀ?” ಎಂದು ಕೇಳಿದರು. “ನಂಗ್ಯಾಕ್ರೀ ಅದೆಲ್ಲ,” ಎಂದು ಕಾರ್ಯದರ್ಶಿ ಉತ್ತರಿಸಿದರು. ನಮ್ಮ ಕಡೆ ಒಂದು ಲೋಟ ಕಾಫಿಯನ್ನೂ ಯಾರೂ ಮೊದಲನೆಯ ಸಲಕ್ಕೆ ಒಪ್ಪುವುದಿಲ್ಲ, ಕೊಡುವವರು ಮೂರು ಸಲ ಕೇಳುವುದು ವಾಡಿಕೆ. ಆದರೆ ಶ್ರೀ ಮಲ್ಲಿಕಾರ್ಜುನಯ್ಯನವರು ನಿಯಮಾವಳಿಯನ್ನು ಓದಿಕೊಂಡು ಬಂದಿದ್ದರು. ಅದರಲ್ಲಿ ಮೂರು ಸಲ ಕೇಳತಕ್ಕದ್ದೆಂದು ಎಲ್ಲಿಯೂ ಇರಲಿಲ್ಲ. “ಹಂಗಾದ್ರೆ ಬಿಡಿ,” ಎಂದು ಎದ್ದುಹೋದರು. ಕಾರ್ಯದರ್ಶಿಗೆ ಕೂಗಿ ಕರೆಯಬೇಕೆನಿಸಿತು. ಕಲಂ 1 ಅಡ್ಡಬಂತು.

7. ಮತ ಬರೆಯುವ ದಿನ, ಸ್ವತಃ ಆಯ್ಕೆದಾರರೂ ಆಗಿದ್ದ ಕಾರ್ಯದರ್ಶಿಗೆ ತಮ್ಮ ಹೆಸರನ್ನು ತಾವೇ ಬರೆಯಲು ನಾಚಿಕೆಯಾಯಿತು. ‘ಬಿಡಿ’ ಎಂದು ಹೋದವರೂ ಸೇರಿ ಉಳಿದ ಮೂವರು ಹೇಗಿದ್ದರೂ ಬರೆದೇ ಬರೆಯುತ್ತಾರೆಂಬ ಧೈರ್ಯದ ಮೇಲೆ, ತಮ್ಮದೇ ಅಜ್ಜಂಪುರ ಶಾಖೆಯ ಶ್ರೀಮತಿ ವಿಮಲಮ್ಮನವರಿಗೆ ಒಂದು ಮತ ದಾನ ಮಾಡಿದರು. ಎರಡನೆಯ ಮತವನ್ನು, ಬೇರೆ ಶಾಖೆಗಳ ಎದುರಾಳಿಗಳಿಗೆ ದಕ್ಕದಂತೆ, ಯಾವ ಶಾಖೆಗೂ ಸೇರದ ಗಿರಿಯಪ್ಪನವರಿಗೆ ಬರೆದರು. ಆ ಬಡಪಾಯಿ ಗೆಲ್ಲುವ ಪೈಕಿಯಲ್ಲವೆಂಬುದು ಅವರ ಲೆಕ್ಕಾಚಾರವಾಗಿತ್ತು.

8. ಬೀರೂರಿನಲ್ಲಿ ಅರಗು ಒಡೆದು ನೋಡಲಾಗಿ, ಹನ್ನೆರಡೂ ಆಯ್ಕೆದಾರರು ಇದೇ ಬುದ್ಧಿವಂತಿಕೆಯನ್ನು ಉಪಯೋಗಿಸಿರುವುದು ಕಂಡುಬಂತು. ಫಲಿತಾಂಶ: ಶ್ರೀ ಗಿರಿಯಪ್ಪ, ಹನ್ನೆರಡು. ಶ್ರೀಮತಿ ವಿಮಲಮ್ಮ, ನಾಲ್ಕು. ಕಡೂರಿನ ಶ್ರೀ ಷಣ್ಮುಖಪ್ಪ ಹಾಗೂ ತರೀಕೆರೆಯ ಶ್ರೀ ಸೋಮಶೇಖರಪ್ಪ, ತಲಾ ಮೂರು. ಚಿಲ್ಲರೆ, ಎರಡು. ಶ್ರೀ ತೀರ್ಥಪ್ಪ, ಇಲ್ಲ.

9. ಲಕೋಟೆ ಹೊತ್ತು ತಂದು ಬಾಗಿಲ ಬಳಿ ನಿಂತಿದ್ದ ಗಿರಿಯಪ್ಪನವರು, “ನಂಗ್ಯಾಕ್ ಸ್ವಾಮಿ ಇದೆಲ್ಲ?” ಎಂದರು. ಇವರದು ನಿಜವಾದ ‘ಬೇಡ’ವಾಗಿತ್ತು. ಸಭೆಯು “ದೊಡ್ಡೋರು ಅನ್ನೋದೇ ಹಂಗೆ” ಎಂದು ಚಪ್ಪಾಳೆ ತಟ್ಟಿತು. ಮಾತು ಒಂದೇ. ಕಾರ್ಯದರ್ಶಿ ಅಂದಾಗ ನಂಬಿದರು, ಗಿರಿಯಪ್ಪನವರು ಅಂದಾಗ ನಂಬಲಿಲ್ಲ. ಕಾರ್ಯದರ್ಶಿಗೆ ಹೊಟ್ಟೆ ಉರಿದುದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಲಾಗಿದೆ.

10. ಚುನಾವಣೆ ರದ್ದುಪಡಿಸಲು ದಾರಿಯುಂಟೇ ಎಂದು ಕಾರ್ಯದರ್ಶಿ ಉಲ್ಲೇಖ (1)ನ್ನು ತಿರುವಿಹಾಕುತ್ತಿದ್ದಾಗ, ಹೊಸ ಅಧ್ಯಕ್ಷರು ಹತ್ತಿರ ಬಂದು ಮೆಲ್ಲಗೆ ಹೇಳಿದ್ದೇನೆಂದರೆ: “ಈ ಪದ್ಧತೀನ ಅವ್ರೇ ಹದಿನೈದು ವರ್ಷಕ್ಕೆ ಬಿಟ್ಬಿಟ್ರು ಮೇಷ್ಟ್ರೇ. ಒಂದ್ಸಲ ಇಬ್ರಿಗೂ ಸಮ ಬಂದು, ಮೂವತ್ತಾರು ಸಲ ಓಟು ಹಾಕಿ ಸುಸ್ತಾದ್ರಂತೆ. ಗೆದ್ದಲು ತಿನ್ನೋಕೆ ಮುಂಚೇನೇ ಆ ಪುಸ್ತಕ ಓದಿದ್ದೆ. ನೀವ್ ಕೇಳ್ಲಿಲ್ಲ, ನಾ ಹೇಳ್ಲಿಲ್ಲ.” ಹನ್ನೊಂದು ವರ್ಷ ಗಾಡಿಯಲ್ಲಿ ಓಡಾಡುತ್ತ, ಮೂರೂ ವಾಚನಾಲಯಗಳ ಅಷ್ಟೂ ಪುಸ್ತಕಗಳನ್ನು ಓದಿರುವವರು ಒಕ್ಕೂಟದಲ್ಲಿ ಇವರೊಬ್ಬರೇ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರಿಗೆ ಕೂರಲು ಹೇಳಿರಲಿಲ್ಲವೆಂಬುದು ಕಾರ್ಯದರ್ಶಿಗೆ ಆಗ ನೆನಪಾಯಿತು. ಕುರ್ಚಿಯನ್ನು ಕಾರ್ಯದರ್ಶಿಯವರೇ ಎಳೆದುಕೊಟ್ಟರು.

11. ಇನ್ನು ಮುಂದೆ ಯಾರೇ ‘ಬೇಡ’ ಎಂದರೂ ಇನ್ನೆರಡು ಸಲ ಕೇಳತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಸದರಿ ನಿಯಮವನ್ನು ಒಂದು ತಿಂಗಳು ಹಿಂದಿನಿಂದ ಜಾರಿಗೆ ತರಬೇಕೆಂಬ ಕಾರ್ಯದರ್ಶಿಯವರ ಕೋರಿಕೆಯನ್ನು ಅಧ್ಯಕ್ಷರು ಮೂರು ಸಲ ಓದಿ, ಮೂರು ಸಲವೂ ನಕ್ಕು, ತಿರಸ್ಕರಿಸಿರುತ್ತಾರೆ.

ಅಧ್ಯಕ್ಷರ ಅಪ್ಪಣೆ ಮೇರೆಗೆ,
ಸಹಿ/-
(ತೀರ್ಥಪ್ಪ)
ಕಾರ್ಯದರ್ಶಿ
(ಹನ್ನೆರಡನೆಯ ವರ್ಷ)

ಪ್ರತಿಗಳು:
1. ಮೂರೂ ಶಾಖೆಗಳ ಸೂಚನಾ ಫಲಕಕ್ಕೆ.
2. ಶ್ರೀ ಮಲ್ಲಿಕಾರ್ಜುನಯ್ಯನವರಿಗೆ, ಕಲಂ 11ನ್ನು ಬಾಯಿಪಾಠ ಮಾಡಲು.
3. ಶ್ರೀಮತಿ ಕರಿಬಸಮ್ಮನವರಿಗೆ, ಕೋಟನ್ನು ಪೆಟ್ಟಿಗೆಗೆ ಸೇರಿಸುವ ಬಗ್ಗೆ ಅಗತ್ಯ ಕ್ರಮಕ್ಕಾಗಿ.
4. ಅಧ್ಯಕ್ಷರಿಗೆ. ಈ ಎಲ್ಲ ಪ್ರತಿಗಳನ್ನು ಎಂದಿನಂತೆ ಪ್ಯಾಸೆಂಜರ್ ಗಾಡಿಯಲ್ಲಿ ಒಯ್ದು ತಲುಪಿಸಲು ಕೋರಿದೆ.